ಲೆಕ್ಕ ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು: ಚೆಸ್ ಪ್ರೋಗ್ರಾಂಗಳ ಬಗ್ಗೆ ಓದುಗರ ಪ್ರಶ್ನೆಗಳು

ಕಂಪ್ಯೂಟರ್ ಚೆಸ್ ಕುರಿತು ಪ್ರಶ್ನೆ ಕಳುಹಿಸುವಂತೆ ಕೇಳಿದ್ದಕ್ಕೆ ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಹೊಡೆದಾಟ ಜೋರಾಗಿರುವ ಸ್ಥಾನದಲ್ಲಿ ಪ್ರೋಗ್ರಾಂ ತನ್ನ ಲೆಕ್ಕವನ್ನು ಎಲ್ಲಿಗೆ ನಿಲ್ಲಿಸುತ್ತದೆ, ಯಾವ ಸಾಲನ್ನು, ಅಂದರೆ ನಡೆ-ಮರುನಡೆಗಳ ಯಾವ ಸರಣಿಯನ್ನು, ಇನ್ನಷ್ಟು ಮುಂದಕ್ಕೆ ಕೊಂಡೊಯ್ಯುತ್ತದೆ ಎಂಬುದೇ ಆ ವಿಷಯ. ಆಯ್ದ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಮೊಮ್ಮಗನ ಮೊಬೈಲಿನಲ್ಲಿ ಸ್ಟಾಕ್‌ಫಿಶ್ ಎಂಬ ಪ್ರೋಗ್ರಾಂ ಇದೆ. ಅದು ಯೋಚಿಸುವಾಗ ಪರದೆಯ ಮೂಲೆಯಲ್ಲಿ 22/35 ಎಂಬಂತೆ ಎರಡು ಸಂಖ್ಯೆಗಳು ಓಡುತ್ತಿರುತ್ತವೆ. ಅದು ನೋಡುವುದು 22 ನಡೆಯೋ, 35 ನಡೆಯೋ? ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಸರಸ್ವತಿಪುರಂ, ಮೈಸೂರು

ಉತ್ತರ: ಪ್ರೋಗ್ರಾಂ ಸ್ಥಾನವನ್ನು ಸುತ್ತು ಸುತ್ತಾಗಿ, ಪ್ರತಿ ಸುತ್ತಿಗೂ ಆಳ ಹೆಚ್ಚಿಸುತ್ತಾ ಹುಡುಕುತ್ತದೆ. ಮೊದಲನೆಯದು ಅದು ಈಗ ನಡೆಸುತ್ತಿರುವ ಸುತ್ತಿಗೆ ತಾನೇ ಇಟ್ಟುಕೊಂಡ ಆಳ, ಎರಡನೆಯದು ಆ ಸುತ್ತಿನಲ್ಲಿ ಯಾವುದೋ ಒಂದು ಸಾಲಿನಲ್ಲಿ ಅದು ತಲುಪಿದ ಅತಿ ದೂರದ ಸ್ಥಾನ. ಎರಡನ್ನೂ ಅರ್ಧನಡೆಗಳಲ್ಲಿ ಎಣಿಸುತ್ತಾರೆ, ಅಂದರೆ ಬಿಳಿಯ ನಡೆ ಒಂದು, ಅದಕ್ಕೆ ಕಪ್ಪಿನ ಉತ್ತರ ಇನ್ನೊಂದು. ಹಾಗಾಗಿ ತಾವು ಕಂಡ 22 ನಮ್ಮ ಲೆಕ್ಕದಲ್ಲಿ 11 ನಡೆಗಳಾಗುತ್ತದೆ. ಆದರೆ ಎಲ್ಲ ಸಾಲುಗಳನ್ನೂ ಅದು 22ರವರೆಗೆ ನೋಡಿದೆ ಎಂದು ತಿಳಿಯಬಾರದು. ಬಹುಪಾಲು ಸಾಲುಗಳನ್ನು ಎಷ್ಟೋ ಮೊದಲೇ ಕೈಬಿಟ್ಟಿರುತ್ತದೆ, ಬೆರಳೆಣಿಕೆಯಷ್ಟನ್ನು ಮಾತ್ರ 35ರವರೆಗೆ ಬೆನ್ನಟ್ಟಿರುತ್ತದೆ.

ಎಲ್ಲವನ್ನೂ ಸಮನಾಗಿ ಏಕೆ ನೋಡುವುದಿಲ್ಲವೆಂದರೆ ಅದು ಸಾಧ್ಯವೂ ಇಲ್ಲ, ಪ್ರಯೋಜನವೂ ಇಲ್ಲ. ಅಮೆರಿಕದ ಗಣಿತಜ್ಞ ಕ್ಲಾಡ್ ಷಾನನ್ 1950ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಸ್ಥಾನದಲ್ಲಿ ಸರಾಸರಿ 30ರಷ್ಟು ನಡೆಗಳಿರುತ್ತವೆ ಎಂದು ಲೆಕ್ಕ ಹಿಡಿದಿದ್ದರು. ಅದನ್ನೇ ಒಪ್ಪಿಕೊಂಡರೆ ಬರೀ 8 ಅರ್ಧನಡೆ ಮುಂದೆ ನೋಡುವುದಕ್ಕೆ 65,610 ಕೋಟಿ ಸ್ಥಾನಗಳನ್ನು ಪರಿಶೀಲಿಸಬೇಕು. ಒಂದು ನಡೆ ಕೆಟ್ಟದ್ದೆಂದು ರುಜುವಾತಾದ ಮೇಲೆ ಅದು ಎಷ್ಟು ಕೆಟ್ಟದ್ದೆಂದು ಅಳೆಯುವ ಗೋಜಿಗೆ ಹೋಗದ ಆಲ್ಫಾ-ಬೀಟಾ ಎಂಬ ವಿಧಾನ, ನಡೆಗಳ ಸರದಿ ಸರಿಯಾಗಿದ್ದರೆ, ಇದನ್ನು 16 ಲಕ್ಷ 20 ಸಾವಿರದ ಆಸುಪಾಸಿಗೆ ಇಳಿಸುತ್ತದೆ. ಉತ್ತರದಲ್ಲಿ ಒಂದಿಷ್ಟೂ ವ್ಯತ್ಯಾಸವಾಗದೆ ಇಷ್ಟು ಉಳಿತಾಯವಾಗುವುದು ದೊಡ್ಡ ವಿಷಯವೇ ಸರಿ. ಆದರೂ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಗೆರೆ ಎಳೆದಲ್ಲೆಲ್ಲ ಮೋಸಹೋಗುವ ಸಂಭವವಿದೆ.

ಬಿಳಿಯ ರಾಣಿ ಡಿ5 ಮನೆಯ ಕಾಲಾಳನ್ನು ಹೊಡೆದ ಕ್ಷಣಕ್ಕೆ ಲೆಕ್ಕ ಮುಗಿಯಿತೆನ್ನಿ. ಪ್ರೋಗ್ರಾಂ ಒಂದು ಕಾಲಾಳು ಲಾಭ ಎಂದು ಬರೆದುಕೊಳ್ಳುತ್ತದೆ. ಮುಂದಿನ ಅರ್ಧನಡೆಯಲ್ಲೇ ಇ6ರ ಕಾಲಾಳು ರಾಣಿಯನ್ನು ಹೊಡೆಯುತ್ತದೆಂಬುದು ಅದರ ಕಣ್ಣಿಗೆ ಬಿದ್ದಿರುವುದೇ ಇಲ್ಲ. ಈ ಅಪಾಯ ಮೊದಲಿನಿಂದಲೂ ಗೊತ್ತಿದ್ದದ್ದೇ. ಷಾನನ್ ಮತ್ತು ಇಂಗ್ಲೆಂಡಿನ ಅಲನ್ ಟ್ಯೂರಿಂಗ್ ಇಬ್ಬರೂ, ಹೊಡೆದಾಟ ನಡೆದಿರುವಾಗ ಬೆಲೆ ಕಟ್ಟಬಾರದು, ಸ್ಥಾನ ತಣ್ಣಗಾಗುವವರೆಗೆ ಮುಂದುವರಿಯಬೇಕು ಎಂದು ಬರೆದಿದ್ದರು. 1952ರಲ್ಲಿ ಟ್ಯೂರಿಂಗ್ ತಮ್ಮ ನಿಯಮಗಳನ್ನು ಕಾಗದದ ಮೇಲೆ ಕೈಯಾರೆ ಲೆಕ್ಕ ಹಾಕುತ್ತಾ ಅಲಿಕ್ ಗ್ಲೆನಿ ಎಂಬುವರ ಎದುರು ಆಡಿದ ಆಟದಲ್ಲಿಯೂ, ಹೊಡೆದ ಕಾಯಿಗೆ ಪ್ರತಿಯಾಗಿ ಹೊಡೆಯುವಂಥ ನಡೆಗಳನ್ನು ಆಳದ ಮಿತಿ ದಾಟಿ ನೋಡಬೇಕೆಂಬ ನಿಯಮವಿತ್ತು. ಆ ಕಾಗದದ ಯಂತ್ರ 29 ನಡೆಗಳಲ್ಲಿ ಸೋತಿತು ಎನ್ನುವುದು ಬೇರೆ ಮಾತು. ಇಂದಿನ ಆಲ್ಫಾ-ಬೀಟಾ ಪ್ರೋಗ್ರಾಂಗಳೆಲ್ಲ ಇದೇ ಜಾಡಿನಲ್ಲಿವೆ: ನಿಗದಿತ ಆಳ ಮುಗಿದ ಮೇಲೂ ಮುಖ್ಯವಾಗಿ ಹೊಡೆತಗಳನ್ನಷ್ಟೇ ನೋಡುತ್ತಾ ಹೋಗುತ್ತವೆ. ಇದಕ್ಕೆ ಕ್ವಯಸೆನ್ಸ್ ಸರ್ಚ್ ಎನ್ನುತ್ತಾರೆ. ತಮ್ಮ 35ರಲ್ಲಿ ಒಂದು ಪಾಲು ಇದರದು.

ಆದರೆ ಇಷ್ಟಕ್ಕೇ ಸಮಸ್ಯೆ ತೀರುವುದಿಲ್ಲ. ಬಿಳಿಯ ಒಂಟೆ ಎ7ರ ಕಾಲಾಳನ್ನು ಹೊಡೆದಿದೆ, ಕಪ್ಪು ರಾಜ ಸಿ8ರಲ್ಲಿದ್ದು ಕಪ್ಪು ತನ್ನ ಕಾಲಾಳನ್ನು ಬಿ6ಕ್ಕೆ ನಡೆಸಿದೆ. ಒಂಟೆ ಸಿಕ್ಕಿಬಿದ್ದಿತು, ರಾಜ ಬಿ7ಕ್ಕೆ ಬಂದು, ಅದರ ಮರುನಡೆಯಲ್ಲಿ ಅದನ್ನು ಹೊಡೆಯುತ್ತಾನೆ. ಬಿಳಿಯ ಪರವಾಗಿ ಆಡುತ್ತಿರುವ, ನಾಲ್ಕು ಅರ್ಧನಡೆ ನೋಡಬಲ್ಲ ಪ್ರೋಗ್ರಾಂಗೆ ಇದು ಕಾಣುತ್ತದೆ, ಕಂಡು ಅದು ಕಸಿವಿಸಿಗೊಳ್ಳುತ್ತದೆ. ಆಗ ತನ್ನ ರಾಜನ ಮುಂದಿನ ಕಾಲಾಳನ್ನು ಜಿ4ಕ್ಕೆ ನೂಕಿ ಎಫ್5ರಲ್ಲಿರುವ ಕಪ್ಪು ಕುದುರೆಯನ್ನು ಬೆದರಿಸಿದರೆ ಹೇಗೆ ಎಂದು ನೋಡುತ್ತದೆ. ಕುದುರೆ ಸರಿಯಬೇಕು. ಕಾಲಾಳಿಗೆ ಒಂದು, ಕುದುರೆಗೆ ಒಂದು ಎಂದು ಎರಡು ಅರ್ಧನಡೆ ಖರ್ಚಾದವು. ಉಳಿದೆರಡರಲ್ಲಿ ಕಪ್ಪು ರಾಜ ಬಿ7ಕ್ಕೆ ಬರುವಷ್ಟರಲ್ಲಿ ಲೆಕ್ಕ ಮುಗಿಯಿತು. ಅಲ್ಲಿಂದ ಕ್ವಯಸೆನ್ಸ್ ಸರ್ಚ್ ಆರಂಭವಾದರೂ ಸರದಿ ಬಿಳಿಯದಾದ್ದರಿಂದ, ಹೊಡೆಯದೆ ಸುಮ್ಮನಿರುವ ಹಕ್ಕನ್ನು ಚಲಾಯಿಸಿ, ಒಂಟೆ ಇನ್ನೂ ಹಲಗೆಯ ಮೇಲಿದೆ ಎಂದು ಬೆಲೆ ಕಟ್ಟಿಬಿಡುತ್ತದೆ. ನಿಜವಾದ ಆಟದಲ್ಲಿ ಮಾತ್ರ ಒಂಟೆ ಉಳಿಯಲಿಲ್ಲ, ಅದರ ಜೊತೆಗೆ ರಾಜನ ಮುಂದಿನ ಗೋಡೆಯೂ ಬಿರುಕುಬಿಟ್ಟಿತು. ಬರಲಿರುವ ನಷ್ಟವನ್ನು ನಿರರ್ಥಕ ನಡೆಗಳಿಂದ ಕಣ್ಣಳತೆಯಾಚೆಗೆ ತಳ್ಳಿ ಅದನ್ನು ತಪ್ಪಿಸಿದೆನೆಂದುಕೊಳ್ಳುವ ಈ ಗುಣವನ್ನು ಅಂಚೆ ಚೆಸ್‌ನ ವಿಶ್ವ ಚಾಂಪಿಯನ್ ಆಗಿದ್ದ, ಬಳಿಕ ಕಂಪ್ಯೂಟರ್ ವಿಜ್ಞಾನಿಯಾದ ಹಾನ್ಸ್ ಬರ್ಲಿನರ್ 1970ರ ದಶಕದ ಮೊದಲ ಭಾಗದಲ್ಲಿ ವಿವರವಾಗಿ ಚರ್ಚಿಸಿ, ಅದಕ್ಕೆ ಹೊರೈಜನ್ ಎಫೆಕ್ಟ್ ಎಂದು ಹೆಸರಿಟ್ಟರು. ಗೆರೆಯನ್ನು ಎಲ್ಲ ಕಡೆ ಒಂದೇ ದೂರದಲ್ಲಿ ಎಳೆಯದೆ, ಬೇಕಾದಲ್ಲಿ ಮುಂದಕ್ಕೆ ಸರಿಸುವ ಉಪಾಯಗಳಿಗೆ ಎಕ್ಸ್‌ಟೆನ್ಷನ್, ಅಂದರೆ ವಿಸ್ತರಣೆ, ಎನ್ನುತ್ತಾರೆ. 22ಕ್ಕೂ 35ಕ್ಕೂ ನಡುವಿನ ಅಂತರದ ಇನ್ನೊಂದು ಪಾಲು ಅದರದು.

ಪ್ರಶ್ನೆ: ನಾನು ಸಿ++ನಲ್ಲಿ ಒಂದು ಚಿಕ್ಕ ಚೆಸ್ ಪ್ರೋಗ್ರಾಂ ಬರೆದಿದ್ದೇನೆ. ಚೆಕ್ ಬಂದಾಗ ಆಳವನ್ನು ಒಂದು ಅರ್ಧನಡೆ ಹೆಚ್ಚಿಸುವ ಸಾಲು ಸೇರಿಸಿದ ಮೇಲೆ ಅದು ಪಜಲ್‌ಗಳನ್ನು ಬೇಗ ಬಿಡಿಸುತ್ತಿದೆ, ಆದರೆ ಹಳೆಯ ಆವೃತ್ತಿಯ ಜೊತೆ ಆಡಿಸಿದರೆ ಸೋಲುತ್ತಿದೆ. ಕೆಲವು ಸ್ಥಾನಗಳಲ್ಲಂತೂ ಉತ್ತರವನ್ನೇ ಕೊಡದೆ ನಿಂತುಬಿಡುತ್ತದೆ. ತಪ್ಪು ಎಲ್ಲಿರಬಹುದು, ಸರ್?
– ಎಂಜಿನಿಯರಿಂಗ್ ವಿದ್ಯಾರ್ಥಿ, ಮಂಡ್ಯ

ಉತ್ತರ: ಪಜಲ್‌ಗಳು ಬೇಗ ಬಿಡುವುದು ಏಕೆಂಬುದನ್ನು ಮೊದಲು ನೋಡೋಣ, ಉಳಿದೆರಡು ತೊಂದರೆಗಳ ಮೂಲವೂ ಅಲ್ಲೇ ಇದೆ. ಕುದುರೆಯಿಂದ ಉಸಿರುಗಟ್ಟಿಸುವ ಹಳೆಯ ಮೇಟ್ ನಿಮಗೆ ಗೊತ್ತಿರುತ್ತದೆ. ಕಪ್ಪು ರಾಜ ಜಿ8ರಲ್ಲಿ, ಆನೆ ಎಫ್8ರಲ್ಲಿ, ಕಾಲಾಳುಗಳು ಜಿ7 ಮತ್ತು ಎಚ್7ರಲ್ಲಿ. ಬಿಳಿಯ ಕುದುರೆ ಜಿ5ರಲ್ಲಿ. ಬಿಳಿಯ ರಾಣಿ ಸಿ4ಕ್ಕೆ ಬಂದು ಚೆಕ್ ಕೊಡುತ್ತದೆ, ರಾಜ ಎಚ್8ಕ್ಕೆ ಸರಿಯುತ್ತಾನೆ. ಕುದುರೆ ಎಫ್7ಕ್ಕೆ ಹಾರಿ ಚೆಕ್, ರಾಜ ಮರಳಿ ಜಿ8ಕ್ಕೆ. ಕುದುರೆ ಎಚ್6ಕ್ಕೆ ಹಾರಿ ಎರಡು ಕಡೆಯಿಂದ ಚೆಕ್, ರಾಜ ಮತ್ತೆ ಎಚ್8ಕ್ಕೆ. ಈಗ ರಾಣಿ ಜಿ8ಕ್ಕೇ ನುಗ್ಗಿ ತನ್ನನ್ನು ಬಲಿಕೊಡುತ್ತದೆ. ಕುದುರೆಯ ಕಾವಲಿರುವುದರಿಂದ ರಾಜ ಮುಟ್ಟುವಂತಿಲ್ಲ, ಆನೆಯೇ ಹೊಡೆಯಬೇಕು. ಕುದುರೆ ಎಫ್7ಕ್ಕೆ ಬಂದರೆ ಮೇಟ್. ಒಟ್ಟು 9 ಅರ್ಧನಡೆ. ಇದರಲ್ಲಿ ಬಿಳಿಯ ಐದು ನಡೆಗಳೂ ಚೆಕ್. ಕಪ್ಪಿನ ನಾಲ್ಕು ಉತ್ತರಗಳಲ್ಲಿ ಆಯ್ಕೆ ಇಲ್ಲವೆನ್ನುವಷ್ಟು ಕಡಿಮೆ. ಚೆಕ್‌ನಿಂದ ಪಾರಾಗುವ ಉತ್ತರಕ್ಕೆ ಆಳದಲ್ಲಿ ವೆಚ್ಚ ಹಾಕದಿದ್ದರೆ, 5 ಅರ್ಧನಡೆಯ ಸುತ್ತಿನಲ್ಲೇ 9ರ ಮೇಟ್ ಸಿಕ್ಕಿಬಿಡುತ್ತದೆ. ಜಿ8ರ ಬಲಿ ಹೊಡೆತವಲ್ಲವಾದ್ದರಿಂದ ಬರೀ ಹೊಡೆತಗಳನ್ನು ನೋಡುವ ಕ್ವಯಸೆನ್ಸ್ ಸರ್ಚ್‌ಗೆ ಇದು ಎಂದಿಗೂ ಕಾಣುತ್ತಿರಲಿಲ್ಲ.

ಇನ್ನು ನಿಂತುಬಿಡುವುದರ ಬಗ್ಗೆ. ಚೆಕ್ ಕೊಡುವ ನಡೆಯನ್ನು ಆಡಿದಾಗ ಒಮ್ಮೆ, ಚೆಕ್‌ನಲ್ಲಿರುವ ಸ್ಥಾನಕ್ಕೆ ಹೋದ ಮೇಲೆ ಇನ್ನೊಮ್ಮೆ, ಹೀಗೆ ಎರಡು ಕಡೆ ನೀವು ಒಂದೊಂದು ಸೇರಿಸಿದ್ದೀರಾ ಎಂದು ಕೋಡ್ ನೋಡಿ. ಹಾಗಿದ್ದರೆ ಎರಡು ಅರ್ಧನಡೆಗೆ ಕಳೆಯುವುದು ಎರಡು, ಕೂಡುವುದು ಎರಡು. ಆಳ ಇಳಿಯುವುದೇ ಇಲ್ಲ. ರಾಣಿಯೊಂದು ಬಯಲಾದ ರಾಜನ ಹಿಂದೆ ಬಿದ್ದು ಚೆಕ್ ಕೊಡುತ್ತಾ ಹೋಗಬಲ್ಲ ಸ್ಥಾನದಲ್ಲಿ ಪ್ರೋಗ್ರಾಂ ಅಲ್ಲೇ ಸುತ್ತುತ್ತಿರುತ್ತದೆ. ಒಂದೇ ಕಡೆ ಸೇರಿಸಿ. ಹುಡುಕಾಟದೊಳಗೇ ಸ್ಥಾನ ಪುನರಾವರ್ತನೆಯಾದರೆ ಡ್ರಾ ಎಂದು ತೀರ್ಮಾನಿಸುವ ಪರೀಕ್ಷೆ ಇರಲಿ. ಇದೆಲ್ಲದರ ಮೇಲೆ, ಏನೇ ಆದರೂ ದಾಟಬಾರದ ಒಂದು ಮಿತಿಯೂ ಇರಲಿ. ಸ್ಟಾಕ್‌ಫಿಶ್‌ನಲ್ಲಿ ಅದು 246 ಅರ್ಧನಡೆ.

ಸೋಲುತ್ತಿರುವುದಕ್ಕೆ ಕಾರಣ ಬೇರೆ. ಎಲ್ಲ ಚೆಕ್‌ಗಳೂ ಒಂದೇ ತೂಕದವಲ್ಲ. ರಾಣಿಯನ್ನು ಪುಕ್ಕಟೆಯಾಗಿ ಬಿಟ್ಟುಕೊಟ್ಟು ಕೊಡುವ ಚೆಕ್ ಕೂಡ ಚೆಕ್ಕೇ, ಆದರೆ ನೂರಕ್ಕೆ ತೊಂಬತ್ತು ಪಾಲು ಅದರಿಂದ ಏನೂ ಗಿಟ್ಟುವುದಿಲ್ಲ. ಅಂಥವನ್ನೆಲ್ಲ ಬೆನ್ನಟ್ಟಲು ಹೋದ ಸಮಯ ಸಾಮಾನ್ಯ ಸ್ಥಾನಗಳಲ್ಲಿ ಪೂರ್ತಿ ಒಂದು ಸುತ್ತಿನ ಆಳವನ್ನೇ ನುಂಗಿಹಾಕಬಹುದು. ಆದ್ದರಿಂದ ಹಲವು ಪ್ರೋಗ್ರಾಂಗಳು, ಚೆಕ್ ಕೊಟ್ಟ ಕಾಯಿ ಇರುವ ಮನೆಯಲ್ಲಿ ಹೊಡೆದಾಟವಾದರೆ ನಷ್ಟವಾಗುವುದಿಲ್ಲವೆಂದು ಖಚಿತವಾದಾಗ ಮಾತ್ರ ವಿಸ್ತರಿಸುತ್ತವೆ. ಈ ನಿಯಮ ಜಿ8ರ ರಾಣಿ ಬಲಿಯನ್ನು ಹೊರಗಿಡುತ್ತದಲ್ಲವೇ ಎಂದು ನೀವು ಕೇಳಬಹುದು. ಹೌದು, ಹೊರಗಿಡುತ್ತದೆ, ಆ ಮೇಟ್ ಒಂದು ಸುತ್ತು ತಡವಾಗಿ ಸಿಗುತ್ತದೆ. ಉಳಿದೆಲ್ಲ ಸ್ಥಾನಗಳಲ್ಲಿ ಸಿಗುವ ಆಳಕ್ಕೆ ಅದು ಬೆಲೆ. ಇನ್ನು ಕೆಲವರು ಪೂರ್ತಿ ಅರ್ಧನಡೆಯ ಬದಲು ಅದರ ಅರ್ಧ ಅಥವಾ ಕಾಲು ಭಾಗವನ್ನು ಸೇರಿಸುತ್ತಿದ್ದರು. ಒಂದೇ ಸಾಲಿನಲ್ಲಿ ಎರಡು ಮೂರು ಕಾರಣಗಳು ಕೂಡಿಬಂದಾಗ ಮಾತ್ರ ಆ ಸಾಲು ನಿಜವಾಗಿ ಉದ್ದವಾಗುತ್ತಿತ್ತು.

ಹಳೆಯ ಪುಸ್ತಕಗಳಲ್ಲಿ ನಿಮಗೆ ಇನ್ನೂ ಕೆಲವು ಬಗೆಯ ವಿಸ್ತರಣೆಗಳು ಸಿಗುತ್ತವೆ: ಹೊಡೆದ ಮನೆಯಲ್ಲೇ ತಿರುಗಿ ಹೊಡೆದಾಗ, ಒಂದೇ ಒಂದು ನಿಯಮಬದ್ಧ ಉತ್ತರವಿದ್ದಾಗ, ಕಾಲಾಳು ಏಳನೆಯ ಸಾಲಿಗೆ ಬಂದಾಗ, ತನ್ನ ಸರದಿಯನ್ನು ಬಿಟ್ಟುಕೊಟ್ಟು ನೋಡಿದರೆ ಎದುರಾಳಿ ಮೇಟ್ ಮಾಡಬಲ್ಲನೆಂದು ಗೊತ್ತಾದಾಗ. ಒಂದೊಂದನ್ನೂ ಪ್ರತ್ಯೇಕವಾಗಿ ಸೇರಿಸಿ, ಪ್ರತ್ಯೇಕವಾಗಿ ಪರೀಕ್ಷಿಸಿ. ಪರೀಕ್ಷೆಯೆಂದರೆ ಪಜಲ್ ಅಲ್ಲ. ಪಜಲ್ ಸ್ಥಾನಗಳನ್ನು ಬಲಿ ಇದೆಯೆಂದು ಗೊತ್ತಿದ್ದೇ ಆರಿಸಿರುತ್ತಾರಾದ್ದರಿಂದ ಅಲ್ಲಿ ಎಲ್ಲ ವಿಸ್ತರಣೆಯೂ ಒಳ್ಳೆಯದಾಗಿಯೇ ಕಾಣುತ್ತದೆ. ಸ್ಟಾಕ್‌ಫಿಶ್ ತಂಡದವರು 2013ರಿಂದ ಸ್ವಯಂಸೇವಕರ ಕಂಪ್ಯೂಟರ್‌ಗಳ ಮೇಲೆ ಫಿಶ್‌ಟೆಸ್ಟ್ ಎಂಬ ವ್ಯವಸ್ಥೆ ನಡೆಸುತ್ತಿದ್ದು, ಒಂದು ಸಾಲಿನ ಬದಲಾವಣೆಗೂ ಹಳೆಯ ಆವೃತ್ತಿಯೊಡನೆ ಸಾವಿರಾರು ಆಟ ಆಡಿಸಿ, ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮಾತ್ರ ಸೇರಿಸಿಕೊಳ್ಳುತ್ತಾರೆ. ಹಾಸ್ಟೆಲ್ ಕೋಣೆಯ ಒಂದು ಲ್ಯಾಪ್‌ಟಾಪ್‌ನಲ್ಲಿಯೂ ರಾತ್ರಿ ಬೆಳಗಾಗುವುದರೊಳಗೆ ಚುಟುಕು ಸಮಯದ ಕೆಲವು ನೂರು ಆಟಗಳನ್ನು ಆಡಿಸಬಹುದು. ನಿಮ್ಮ ಪ್ರೋಗ್ರಾಂ ಸೋಲುತ್ತಿದೆಯೆಂಬುದನ್ನು ಆಡಿಸಿಯೇ ಕಂಡುಕೊಂಡಿದ್ದೀರಿ, ಅರ್ಧ ಕೆಲಸ ಆದಂತೆಯೇ.

ಪ್ರಶ್ನೆ: ಚೆಕ್ ಎಂದರೆ ಬಲವಂತದ ನಡೆ ಎಂದು ಯಂತ್ರಕ್ಕೆ ಹೇಳಿಕೊಡಬಹುದು. ಆದರೆ ಚೆಕ್ಕೂ ಅಲ್ಲದ, ಹೊಡೆತವೂ ಅಲ್ಲದ ಒಂದು ಸದ್ದಿಲ್ಲದ ನಡೆಯೇ ಆ ಸ್ಥಾನದ ಏಕೈಕ ಉತ್ತರವೆಂಬುದು ಅದಕ್ಕೆ ಹೇಗೆ ತಿಳಿಯುತ್ತದೆ?
– ಶಾಲಾ ಚೆಸ್ ತಂಡದ ಶಿಕ್ಷಕಿ, ಶ್ರೀರಂಗಪಟ್ಟಣ

ಉತ್ತರ: ಮೇಡಂ, ತಮ್ಮ ಪ್ರಶ್ನೆಗೆ ಸಿಕ್ಕ ಉತ್ತರ ಈ ಕ್ಷೇತ್ರದ ಅತ್ಯಂತ ಸೊಗಸಾದ ವಿಚಾರವೆಂದು ನನ್ನ ಅಭಿಪ್ರಾಯ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಅನಂತರಾಮನ್, ಮರ್ರೆ ಕ್ಯಾಂಬೆಲ್ ಮತ್ತು ಫೆಂಗ್-ಷಿಯುಂಗ್ ಷು ಎಂಬ ಮೂವರು 1988ರಲ್ಲಿ ಇದನ್ನು ವಿವರಿಸಿದರು. ನಡೆಯ ಮುಖ ನೋಡಿ ಅದು ಬಲವಂತದ್ದೋ ಅಲ್ಲವೋ ಎಂದು ತೀರ್ಮಾನಿಸುವುದನ್ನು ಬಿಟ್ಟು, ಅದನ್ನು ಹುಡುಕಾಟದಿಂದಲೇ ಕೇಳಿ ತಿಳಿಯಬೇಕೆಂಬುದು ಅವರ ವಾದ. ಒಂದು ಸ್ಥಾನದಲ್ಲಿ ಅತ್ಯುತ್ತಮವೆನಿಸಿದ ನಡೆಯನ್ನು ಪಕ್ಕಕ್ಕಿಟ್ಟು ಉಳಿದ ನಡೆಗಳನ್ನು ಕಡಿಮೆ ಆಳಕ್ಕೆ ಪರೀಕ್ಷಿಸಿ ನೋಡುವುದು. ಅವುಗಳಲ್ಲಿ ಒಂದೂ ಅದರ ಹತ್ತಿರಕ್ಕೂ ಬರದಿದ್ದರೆ ಇಡೀ ಸ್ಥಾನ ಆ ಒಂದು ನಡೆಯ ಮೇಲೆ ನಿಂತಿದೆಯೆಂದು ತಿಳಿದು ಅದನ್ನು ಇನ್ನೊಂದು ಅರ್ಧನಡೆ ಆಳಕ್ಕೆ ನೋಡುವುದು. ಇದೇ ಸಿಂಗ್ಯುಲರ್ ಎಕ್ಸ್‌ಟೆನ್ಷನ್. ಅವರ ಡೀಪ್ ಥಾಟ್ ಯಂತ್ರ ಅದೇ 1988ರಲ್ಲಿ ಟೂರ್ನಿಯೊಂದರಲ್ಲಿ ಗ್ರ್ಯಾಂಡ್‌ಮಾಸ್ಟರ್ ಬೆಂಟ್ ಲಾರ್ಸನ್ ಅವರನ್ನು ಸೋಲಿಸಿತು. ಅದರ ಮುಂದಿನ ಪೀಳಿಗೆಯ ಡೀಪ್ ಬ್ಲೂ 1997ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ಗ್ಯಾರಿ ಕಾಸ್ಪರೋವ್ ಅವರನ್ನು 3.5–2.5ರಿಂದ ಮಣಿಸಿದ್ದು ಎಲ್ಲರಿಗೂ ತಿಳಿದ ಸಂಗತಿ. 480 ವಿಶೇಷ ಚೆಸ್ ಚಿಪ್‌ಗಳು, ಸೆಕೆಂಡಿಗೆ 20 ಕೋಟಿಯವರೆಗೆ ಸ್ಥಾನಗಳು ಎಂಬ ಅಂಕಿಗಳೇ ಪತ್ರಿಕೆಗಳಲ್ಲಿ ಹೆಚ್ಚು ಬಂದವು. ಆ ವೇಗವನ್ನು ಯಾವ ಸಾಲಿಗೆ ಸುರಿಯಬೇಕೆಂದು ನಿರ್ಧರಿಸುತ್ತಿದ್ದ ಈ ಭಾಗ ಸುದ್ದಿಯಾಗಲಿಲ್ಲ.

ಮೂಲರೂಪದಲ್ಲಿ ಇದು ದುಬಾರಿ. ಪರೀಕ್ಷೆಯೇ ಸಮಯ ತಿನ್ನುತ್ತದೆ. ಇಂದಿನ ಪ್ರೋಗ್ರಾಂಗಳು ಒಂದು ಸುಲಭ ದಾರಿ ಹಿಡಿದಿವೆ. ಹಿಂದೆ ನೋಡಿದ ಸ್ಥಾನಗಳನ್ನೂ ಅಲ್ಲಿ ಸಿಕ್ಕ ಅತ್ಯುತ್ತಮ ನಡೆಯನ್ನೂ ಅವು ಹ್ಯಾಶ್ ಎಂಬ ದೊಡ್ಡ ಪಟ್ಟಿಯಲ್ಲಿ ಬರೆದಿಟ್ಟುಕೊಂಡಿರುತ್ತವೆ. ಒಂದು ಸ್ಥಾನಕ್ಕೆ ಮರಳಿ ಬಂದಾಗ ಆನೆಯನ್ನು ಡಿ1ಕ್ಕೆ ತರುವುದರ ಬೆಲೆ, ಒಂದು ಕಾಲಾಳನ್ನು 1 ಎಂದು ಹಿಡಿದರೆ, 0.80ಕ್ಕೆ ಕಡಿಮೆಯಿಲ್ಲ ಎಂದು ಪಟ್ಟಿಯಲ್ಲಿ ಇದೆಯೆಂದಿಟ್ಟುಕೊಳ್ಳಿ. ಆ ಒಂದು ನಡೆಯನ್ನು ನಿಷೇಧಿಸಿ, ಸುಮಾರು ಅರ್ಧದಷ್ಟು ಆಳದಲ್ಲಿ, ಉಳಿದವುಗಳಲ್ಲಿ ಯಾವುದಾದರೂ 0.50 ಮುಟ್ಟುತ್ತದೆಯೇ ಎಂದಷ್ಟೇ ಕೇಳುತ್ತವೆ. ಎಷ್ಟು ಎಂದು ಕೇಳುವುದಕ್ಕಿಂತ ಹೌದೋ ಅಲ್ಲವೋ ಎಂದು ಕೇಳುವುದು ಎಷ್ಟೋ ಅಗ್ಗ. ಯಾವುದೂ ಮುಟ್ಟದಿದ್ದರೆ ಆನೆಯ ನಡೆಗೆ ಒಂದು ಅರ್ಧನಡೆ ಹೆಚ್ಚು. ತೀರಾ ಹಿಂದೆ ಬಿದ್ದಿದ್ದರೆ ಎರಡು. ಇಲ್ಲಿ ಆನೆಯ ನಡೆ ಚೆಕ್ ಅಲ್ಲ, ಹೊಡೆತವಲ್ಲ. ಆದರೂ ಅದರ ಅನಿವಾರ್ಯತೆ ಗೊತ್ತಾಯಿತು. ಬೇರೆ ನಡೆಗಳಲ್ಲೂ ಒಂದು, ಎದುರಾಳಿ ತಾಳಲಾರದಷ್ಟು ಚೆನ್ನಾಗಿದ್ದರೆ, ಒಳ್ಳೆಯ ನಡೆ ಒಂದಕ್ಕಿಂತ ಹೆಚ್ಚಿವೆಯೆಂದ ಮೇಲೆ ಎದುರಾಳಿ ಈ ಸ್ಥಾನಕ್ಕೆ ಬರಲು ಬಿಡಲಾರ, ಇಲ್ಲಿ ತಲೆಕೆಡಿಸಿಕೊಳ್ಳುವುದೇ ಬೇಡವೆಂದು ಅಲ್ಲಿಗೇ ಬಿಟ್ಟುಬಿಡುತ್ತವೆ. ಒಂದೇ ಪರೀಕ್ಷೆಯಿಂದ ಉದ್ದ ಮಾಡುವುದಕ್ಕೂ ತುಂಡು ಮಾಡುವುದಕ್ಕೂ ಆಧಾರ ಸಿಕ್ಕಿತು.

ತಮ್ಮ ವಿದ್ಯಾರ್ಥಿಗಳಿಗೆ ಒಂದು ಸೂಕ್ಷ್ಮವನ್ನು ಹೇಳಬಹುದು: ಈ ವಿಸ್ತರಣೆ ಆಕ್ರಮಣ ಮಾಡುವವನಿಗಷ್ಟೇ ಅಲ್ಲ, ಕಾಪಾಡಿಕೊಳ್ಳುವವನ ಏಕೈಕ ನಡೆಗೂ ಸಲ್ಲುತ್ತದೆ. ಯಂತ್ರಗಳು ಸೋತೇಹೋಯಿತೆನಿಸಿದ ಸ್ಥಾನಗಳನ್ನು ಒಂದರ ಹಿಂದೊಂದು ಏಕೈಕ ನಡೆಗಳಿಂದ ಉಳಿಸಿಕೊಳ್ಳುವುದರಲ್ಲಿ ಇದರ ಪಾತ್ರ ದೊಡ್ಡದು.

ಪ್ರಶ್ನೆ: ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಸಲ ನಡೆಸುವ ಬಂಧಗಳನ್ನು ರಚಿಸಿದ್ದರಷ್ಟೆ. ಅದೂ ಇಂಥದೇ ಹುಡುಕಾಟವೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಅಲ್ಲಿ ಎದುರಾಳಿಯಿಲ್ಲ, ಅದೇ ದೊಡ್ಡ ವ್ಯತ್ಯಾಸ. 1868ರವರೆಗೆ ಬಾಳಿದ ಆ ಅರಸರಿಗೆ ಈ ಬಂಧಗಳಲ್ಲಿ ಅಪಾರ ಆಸಕ್ತಿಯಿತ್ತು. ಆದರೆ ಕುದುರೆಯ ಸಂಚಾರಕ್ಕೆ 64 ಮನೆಗಳೆಂಬ ನಿಶ್ಚಿತ ಕೊನೆಯಿರುವುದರಿಂದ ಮಧ್ಯದಲ್ಲಿ ನಿಂತು ಬೆಲೆ ಕಟ್ಟುವ ಪ್ರಮೇಯವೇ ಬರುವುದಿಲ್ಲ. ಹೊರೈಜನ್ ಎಫೆಕ್ಟ್‌ಗೂ ಅಲ್ಲಿ ಜಾಗವಿಲ್ಲ. ಒಂದು ಹೋಲಿಕೆಯಂತೂ ಇದೆ. ಮುಂದೆ ಹೋಗಲು ಅತ್ಯಂತ ಕಡಿಮೆ ದಾರಿಗಳಿರುವ ಮನೆಗೇ ಮೊದಲು ಹೋಗು ಎಂಬುದು ಜರ್ಮನಿಯ ವಾರ್ನ್ಸ್‌ಡಾರ್ಫ್ 1823ರಲ್ಲಿ ಪ್ರಕಟಿಸಿದ ಸೂತ್ರ. ಒಂದೇ ಉತ್ತರವಿರುವ ಸಾಲನ್ನು ಮುಂದಕ್ಕೆ ಎಳೆದರೆ ಖರ್ಚು ಕಡಿಮೆ ಎನ್ನುವ ಚೆಸ್ ಪ್ರೋಗ್ರಾಂಗಳ ತರ್ಕವೂ ಕವಲು ಕಡಿಮೆಯಿರುವ ಕಡೆಯನ್ನೇ ಹುಡುಕುತ್ತದೆ.

ಪ್ರಶ್ನೆ: ನ್ಯೂರಲ್ ನೆಟ್‌ವರ್ಕ್ ಬಂದ ಮೇಲೆ ಇದೆಲ್ಲ ಹಳತಾಯಿತಲ್ಲವೇ?
– ಕಾಲೇಜು ಉಪನ್ಯಾಸಕ, ಮದ್ದೂರು

ಉತ್ತರ: ಅರ್ಧ ಮಾತ್ರ. ನ್ಯೂರಲ್ ನೆಟ್‌ವರ್ಕ್ ಎಂದರೆ ಆಟಗಳಿಂದ ಕಲಿತು ಸ್ಥಾನದ ಬೆಲೆಯನ್ನು ಅಂದಾಜಿಸುವ ವ್ಯವಸ್ಥೆ. 2017ರ ಕೊನೆಯಲ್ಲಿ ಡೀಪ್‌ಮೈಂಡ್ ಸಂಸ್ಥೆ ಪ್ರಕಟಿಸಿದ, ಇದನ್ನು ಬಳಸುವ ಆಲ್ಫಾಝೀರೊ ಸೆಕೆಂಡಿಗೆ ಸುಮಾರು 80 ಸಾವಿರ ಸ್ಥಾನಗಳನ್ನಷ್ಟೇ ನೋಡುತ್ತಿತ್ತು, ಅದರೆದುರು ಆಡಿದ ಸ್ಟಾಕ್‌ಫಿಶ್ 7 ಕೋಟಿಯಷ್ಟು ನೋಡುತ್ತಿತ್ತು. ಅದರ ಮಾದರಿಯಲ್ಲೇ ಬಂದ ಲೀಲಾ ಚೆಸ್ ಝೀರೊದಲ್ಲಿಯೂ ಎಕ್ಸ್‌ಟೆನ್ಷನ್ ಎಂಬ ಪ್ರತ್ಯೇಕ ನಿಯಮವಿಲ್ಲ. ನೆಟ್‌ವರ್ಕ್ ಮೆಚ್ಚಿದ ಸಾಲಿಗೆ ಮತ್ತೆ ಮತ್ತೆ ಭೇಟಿ ಕೊಡುವುದರಿಂದ ಆ ಸಾಲು ತಾನಾಗಿ ಉದ್ದವಾಗುತ್ತದೆ. ತೊಂದರೆಯೂ ಅಲ್ಲೇ ಇದೆ. ನೋಡಿದೊಡನೆ ಅಸಂಬದ್ಧವೆನಿಸುವ ರಾಣಿ ಬಲಿಗೆ ನೆಟ್‌ವರ್ಕ್ ಕಡಿಮೆ ಸಂಭವ ಕೊಟ್ಟರೆ ಅತ್ತ ಭೇಟಿಯೇ ಆಗುವುದಿಲ್ಲ. ಸ್ಟಾಕ್‌ಫಿಶ್ 2020ರಲ್ಲಿ ಬೆಲೆ ಕಟ್ಟುವ ಕೆಲಸವನ್ನು ನ್ಯೂರಲ್ ನೆಟ್‌ವರ್ಕ್‌ಗೆ ವಹಿಸಿತಾದರೂ ಹುಡುಕಾಟವನ್ನು ಆಲ್ಫಾ-ಬೀಟಾದಲ್ಲೇ ಉಳಿಸಿಕೊಂಡಿತು. ಸಿಂಗ್ಯುಲರ್ ಎಕ್ಸ್‌ಟೆನ್ಷನ್ ಈಗಲೂ ಅದರಲ್ಲಿದೆ.

ಪ್ರಶ್ನೆ: ಮಗಳ ಆಟಗಳನ್ನು ಎಂಜಿನ್‌ನಲ್ಲಿ ಪರಿಶೀಲಿಸುತ್ತೇನೆ. ಅವಳು ಆಡಿದ ಒಂದು ಬಲಿಗೆ ಮೊದಲು ಮೈನಸ್ 2 ಎಂದು ತೋರಿಸಿದ ಯಂತ್ರ, ಒಂದೆರಡು ನಿಮಿಷದ ನಂತರ ಪ್ಲಸ್ 1 ಎಂದಿತು. ಇಷ್ಟೆಲ್ಲ ಆಳಕ್ಕೆ ನೋಡುವ ಯಂತ್ರ ಹೀಗೆ ಮಾತು ಬದಲಿಸಿದರೆ ಯಾವುದನ್ನು ನಂಬಬೇಕು?
– ಪೋಷಕರು, ಪಾಂಡವಪುರ

ಉತ್ತರ: ವಿಸ್ತರಣೆಗೆ ಬೇಕಾದ ಸಮಯ ಎಲ್ಲಿಂದ ಬರುತ್ತದೆಂಬುದರಲ್ಲಿ ತಮ್ಮ ಉತ್ತರವಿದೆ. ತಮ್ಮ ಕಡೆಯ ನಾಲೆಯ ನೀರಿನಂತೆಯೇ ಇದೂ: ತೂಬಿನ ಹತ್ತಿರದ ಗದ್ದೆಗೆ ಒಂದು ಗಂಟೆ ಹೆಚ್ಚು ಬಿಟ್ಟರೆ ಕೊನೆಭಾಗದ ಗದ್ದೆಗೆ ಅಷ್ಟು ಕಡಿಮೆಯಾಗಲೇಬೇಕು. ಪ್ರೋಗ್ರಾಂ ಪ್ರತಿ ಸ್ಥಾನದಲ್ಲೂ ನಡೆಗಳನ್ನು ಭರವಸೆಯ ಕ್ರಮದಲ್ಲಿ ಜೋಡಿಸಿಕೊಂಡು, ಮೊದಲ ಕೆಲವನ್ನು ಪೂರ್ತಿ ಆಳಕ್ಕೆ, ಹಿಂದಿನವನ್ನು ಕಡಿತಗೊಳಿಸಿದ ಆಳಕ್ಕೆ ನೋಡುತ್ತದೆ. ಇದಕ್ಕೆ ಲೇಟ್ ಮೂವ್ ರಿಡಕ್ಷನ್ ಎಂದು ಹೆಸರು. ಕಡಿಮೆ ಆಳದಲ್ಲಿ ನೋಡಿದ್ದು ನಿರೀಕ್ಷೆಗಿಂತ ಚೆನ್ನಾಗಿ ಕಂಡರೆ ಮಾತ್ರ ಪೂರ್ತಿ ಆಳಕ್ಕೆ ಮತ್ತೆ ನೋಡುತ್ತದೆ. ಈ ಕಡಿತವಿಲ್ಲದಿದ್ದರೆ ಮೊಬೈಲಿನಲ್ಲಿ 22ರ ಆಳವೆಂಬುದು ಕನಸಿನ ಮಾತು.

ಚೆಕ್‌ಗಳ ಸರಮಾಲೆಯಿರುವ ಬಲಿ ಈ ಕಡಿತದಿಂದ ಸಾಮಾನ್ಯವಾಗಿ ಪಾರಾಗುತ್ತದೆ. ಪೆಟ್ಟು ತಿನ್ನುವುದು ತಮ್ಮ ಮಗಳು ಆಡಿರಬಹುದಾದಂಥ ಬಲಿ. ಕುದುರೆ ಕೊಟ್ಟ ಮೇಲೆ ತಕ್ಷಣ ಚೆಕ್ ಕೊಡದೆ ಆನೆಯನ್ನು ನಿಧಾನವಾಗಿ ಮೂರನೆಯ ಸಾಲಿಗೆ ಎತ್ತಿ, ಅಲ್ಲಿಂದ ರಾಜನ ಕಡೆಗೆ ತಿರುಗಿಸುವಂಥದ್ದು. ಕುದುರೆ ಕಳೆದುಕೊಂಡ ನಡೆಯಾದ್ದರಿಂದ ಪಟ್ಟಿಯಲ್ಲಿ ಕೊನೆಗೆ ಬಿತ್ತು, ಕಡಿತವಾಯಿತು. ಆನೆ ಎತ್ತುವುದು ಚೆಕ್ಕೂ ಅಲ್ಲ ಹೊಡೆತವೂ ಅಲ್ಲವಾದ್ದರಿಂದ ಅಲ್ಲೂ ಕಡಿತವಾಯಿತು. ಸಾಲಿನುದ್ದಕ್ಕೂ ಕಡಿತಗಳು ಸೇರುತ್ತಾ ಹೋಗಿ, ಪರದೆ 22 ಎಂದು ತೋರಿಸುತ್ತಿದ್ದಾಗ ಆ ಸಾಲನ್ನು ವಾಸ್ತವದಲ್ಲಿ ಅದರ ಒಂದು ಭಾಗದಷ್ಟೇ ನೋಡಿರುತ್ತದೆ. ಸುತ್ತಿನ ಆಳ ಹೆಚ್ಚಿದಂತೆ ಒಂದು ಹಂತದಲ್ಲಿ ಆನೆಯ ಬೆದರಿಕೆ ಕಣ್ಣಿಗೆ ಬಿತ್ತು, ಪೂರ್ತಿ ಆಳಕ್ಕೆ ಮರುಪರೀಕ್ಷೆಯಾಯಿತು, ಅಲ್ಲಿ ಕಪ್ಪಿಗೆ ಒಂದೇ ಉತ್ತರವಿದ್ದಲ್ಲೆಲ್ಲ ವಿಸ್ತರಣೆಯೂ ಸಿಕ್ಕಿತು, ಮೈನಸ್ 2 ಹೋಗಿ ಪ್ಲಸ್ 1 ಬಂತು. ಹೊಡೆದಾಟದ ಸ್ಥಾನದಲ್ಲಿ ಅಂಕೆ ಹೀಗೆ ಒಮ್ಮೆಲೇ ನೆಗೆದರೆ ಸಾಮಾನ್ಯವಾಗಿ ನಂತರದ್ದನ್ನೇ ನಂಬಬೇಕು. ನೆಗೆತ ನಿಂತು ಎರಡು ಮೂರು ಸುತ್ತು ಹಾಗೇ ಉಳಿಯಿತೇ ಎಂದೂ ನೋಡಬೇಕು.

ಕಾಯುವುದಕ್ಕಿಂತ ಒಳ್ಳೆಯ ಉಪಾಯವೊಂದಿದೆ. ಮಗಳ ನಡೆ ಕೆಟ್ಟದ್ದೆಂದು ಯಂತ್ರ ಹೇಳಿದಾಗ ಅಲ್ಲಿಗೇ ಬಿಡದೆ, ಆ ಬಲಿಯನ್ನೂ ಅದಕ್ಕೆ ಯಂತ್ರ ಸೂಚಿಸುವ ಉತ್ತರವನ್ನೂ ಹಲಗೆಯ ಮೇಲೆ ತಾವೇ ಆಡಿ, ಅವಳು ಮುಂದೆ ಏನು ಆಡಬೇಕೆಂದುಕೊಂಡಿದ್ದಳೋ ಅದನ್ನೂ ಆಡಿ, ಅಲ್ಲಿಂದ ಯಂತ್ರವನ್ನು ಹೊಸದಾಗಿ ಓಡಿಸಿ. ಕಡಿತಕ್ಕೆ ಗುರಿಯಾಗಿದ್ದ ನಡೆಗಳು ಈಗ ಆಗಿಹೋಗಿರುವುದರಿಂದ ಪೂರ್ತಿ ಆಳ ಆ ಸಾಲಿಗೇ ಸಿಗುತ್ತದೆ. ನಂತರ ಒಂದೊಂದೇ ನಡೆ ಹಿಂದಕ್ಕೆ ಬನ್ನಿ. ಹೊಸದಾಗಿ ಕಂಡದ್ದು ಹ್ಯಾಶ್ ಪಟ್ಟಿಯಲ್ಲಿ ಉಳಿದಿರುವುದರಿಂದ ಬಲಿಯ ಸ್ಥಾನಕ್ಕೆ ಮರಳುವಷ್ಟರಲ್ಲಿ ಯಂತ್ರದ ಅಭಿಪ್ರಾಯ ಬದಲಾಗಿರುವುದನ್ನು ಕಾಣುವಿರಿ. ಮೊಬೈಲ್ ಆ್ಯಪ್‌ಗಳಲ್ಲಿ ಈ ಪಟ್ಟಿಗೆ ಕೊಟ್ಟಿರುವ ಜಾಗ ಹಲವು ಬಾರಿ ತೀರಾ ಸಣ್ಣದಾಗಿರುತ್ತದೆ. ಸೆಟ್ಟಿಂಗ್‌ನಲ್ಲಿ ಹ್ಯಾಶ್ ಎಂಬ ಆಯ್ಕೆಯಿದ್ದರೆ, ಮೊಬೈಲಿನ ಮೆಮೊರಿ ತಾಳುವಷ್ಟು ಹೆಚ್ಚಿಸಿಕೊಂಡು ಆಮೇಲೆ ಪ್ರಯತ್ನಿಸಿ.